ಬಸುರಿಯ ಬಿಪಿ: ತೋಟದ ಔಷಧಿ, ಒಲೆ ಹೊಗೆ, ಅರಿಶಿನದ ಡಬ್ಬಿ

2025ರ ಜೂನ್, ಜುಲೈ ತಿಂಗಳು ಹಾಸನದವರಿಗೆ ಚೆನ್ನಾಗಿ ನೆನಪಿರುತ್ತದೆ. ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಹೋದರು ಅನ್ನುವ ಸುದ್ದಿ ಒಂದರ ಹಿಂದೆ ಒಂದು ಬಂತು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನವೋ ಜನ. ಸರ್ಕಾರ ಸಮಿತಿ ಮಾಡಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಜಿಲ್ಲೆಯಲ್ಲಿ ಹೃದಯಾಘಾತ ದಿಢೀರನೆ ಏರಿದೆ ಅನ್ನೋಕೆ ಆಧಾರ ಇಲ್ಲ ಅಂದಿತು. ಭಯ ಇಳಿಯಿತು. ಆದರೆ ಆ ಗಲಾಟೆಯಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು. ಎಂದೂ ತೋಳಿಗೆ ಪಟ್ಟಿ ಕಟ್ಟಿಸಿಕೊಳ್ಳದವರು ಬಿಪಿ ನೋಡಿಸಿಕೊಂಡರು. ಆ ಮಾತುಕತೆಯಲ್ಲೆಲ್ಲ ಬಂದದ್ದು ಗಂಡಸರ ಬಿಪಿ, ಟೆನ್ಷನ್, ಸಿಗರೇಟು, ಜಿಮ್ಮು. ಬಸುರಿ ಹೆಂಗಸರ ಬಿಪಿ ಬಗ್ಗೆ ಯಾರೂ ಮಾತೆತ್ತಲಿಲ್ಲ.

ಅದು ಸಣ್ಣ ವಿಷಯ ಅಲ್ಲ. ಜಗತ್ತಿನಲ್ಲಿ ಬಸಿರು, ಬಾಣಂತನದ ಸಮಯದಲ್ಲಿ ಸಾಯುವ ತಾಯಂದಿರಲ್ಲಿ ರಕ್ತಸ್ರಾವದಿಂದ ಹೋಗುವವರೇ ಜಾಸ್ತಿ. ನೇರ ಕಾರಣಗಳಲ್ಲಿ ಎರಡನೆಯದೇ ಬಿಪಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಇಂಥ ಸಾವುಗಳಲ್ಲಿ ಸುಮಾರು ಶೇ 16ರಷ್ಟು ಇದರಿಂದಲೇ. ನಮ್ಮ ರಾಜ್ಯದ ಸ್ಥಿತಿ ನೋಡಿ. 2018–20ರ ಅಂಕಿಅಂಶದ ಪ್ರಕಾರ ಕರ್ನಾಟಕದಲ್ಲಿ 1 ಲಕ್ಷ ಹೆರಿಗೆಗೆ 69 ತಾಯಂದಿರು ತೀರಿಕೊಂಡರು. ಪಕ್ಕದ ಕೇರಳದಲ್ಲಿ 19.

ಈಚೆಗೆ ಈ ಬಿಪಿಯ ಜೊತೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಗಾಳಿ, ನೀರು, ಊಟ, ಕೆಲಸದ ಜಾಗ, ಇವುಗಳಿಂದ ಮೈಗೆ ಸೇರುವ ರಾಸಾಯನಿಕಗಳು ಇದಕ್ಕೆ ಕಾರಣವಾ? ಇಂಗ್ಲಿಷ್ ಪತ್ರಿಕೆಗಳಲ್ಲಿ ಇದರ ಬಗ್ಗೆ ಬರುವುದೆಲ್ಲ ಲಿಪ್‌ಸ್ಟಿಕ್, ಪರ್ಫ್ಯೂಮ್, ಪ್ಲಾಸ್ಟಿಕ್ ಬಾಟಲಿಯ ಕಥೆ. ಸಕಲೇಶಪುರದ ತೋಟದ ಲೈನ್ ಮನೆಯಲ್ಲಿ ಇರುವ ಹೆಂಗಸಿಗೆ, ಆಲೂರಿನ ಶುಂಠಿ ಹೊಲದಲ್ಲಿ ಕಳೆ ಕೀಳುವವಳಿಗೆ ಅದರಿಂದ ಏನು ಉಪಯೋಗ? ಕಾಫಿ, ಮೆಣಸು, ಶುಂಠಿ, ಆಲೂಗಡ್ಡೆ ಬೆಳೆಯುವ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಿಂತು ನೋಡಿದರೆ ಪ್ರಶ್ನೆಯ ಮುಖವೇ ಬೇರೆ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಸಂಬಂಧ ಇದೆ. ಸೀಸದ ವಿಷಯದಲ್ಲಿ ಸಾಕಷ್ಟು ಗಟ್ಟಿಯಾಗಿದೆ, ಕೀಟನಾಶಕದ ವಿಷಯದಲ್ಲಿ ಅನುಮಾನ ಪಡುವಷ್ಟಿದೆ, ಹೊಗೆಯ ವಿಷಯದಲ್ಲಿ ಸಿಕ್ಕುಸಿಕ್ಕಾಗಿದೆ. ಆದರೆ ಇದನ್ನು ಬಸುರಿಯ ತಲೆಗೆ ಕಟ್ಟಿ, ‘ನೀನು ಹುಷಾರಾಗಿರು’ ಅಂದು ಕೈ ತೊಳೆದುಕೊಂಡರೆ ಪ್ರಯೋಜನ ಇಲ್ಲ. ಯಾಕೆ ಅನ್ನುವುದು ದೇಹ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿದರೆ ಗೊತ್ತಾಗುತ್ತದೆ.

ಮೊದಲ ಮೂರು ತಿಂಗಳಲ್ಲಿ ಏನಾಗುತ್ತದೆ

20 ವಾರ ತುಂಬಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅದು ಬಸಿರಿನ ಬಿಪಿ. ಅದರ ಜೊತೆ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ, ಇಲ್ಲವೇ ಲಿವರ್, ಕಿಡ್ನಿ, ಮೆದುಳಿಗೆ ಪೆಟ್ಟು ಬೀಳುತ್ತಿದ್ದರೆ ಅದು ಪ್ರಿಎಕ್ಲಾಂಪ್ಸಿಯಾ. 160/110 ಮುಟ್ಟಿದರೆ ತುರ್ತು. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಲೋಕದ ಲೆಕ್ಕದಲ್ಲಿ ನೂರು ಬಸಿರಿಗೆ 2ರಿಂದ 8ರಲ್ಲಿ ಪ್ರಿಎಕ್ಲಾಂಪ್ಸಿಯಾ ಕಾಣಿಸುತ್ತದೆ.

ಇದರ ಬೇರು ಇರುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ಬಸಿರಾದ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಗೋಡೆಯೊಳಗಿನ ಸುರುಳಿ ರಕ್ತನಾಳಗಳಿಗೆ ಇಳಿದು ಅವನ್ನು ಅಗಲ ಮಾಡುತ್ತವೆ. ಅರ್ಧ ಇಂಚಿನ ಪೈಪು ಕಿತ್ತು ಎರಡಿಂಚಿನದು ಹಾಕಿದ ಹಾಗೆ. ಹಾಗಾದರೆ ಮಾತ್ರ ಮುಂದೆ ಬೆಳೆಯುವ ಮಗುವಿಗೆ ಬೇಕಾದಷ್ಟು ರಕ್ತ ಹೋಗುತ್ತದೆ. ಈ ಕೆಲಸ ಅರ್ಧಂಬರ್ಧ ಆದರೆ ಮಾಸಿಗೆ ರಕ್ತ ಸಾಲದು. ಅದು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ರಕ್ತನಾಳದ ಒಳಪದರವನ್ನು ಆರೋಗ್ಯವಾಗಿ ಇಡುವ ಅಂಶಗಳನ್ನು ಈ ಪ್ರೋಟೀನುಗಳು ಹಿಡಿದು ಕಟ್ಟಿಹಾಕುತ್ತವೆ. ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತದೆ.

ರಾಸಾಯನಿಕಗಳು ಇದರಲ್ಲಿ ಎರಡು ಕಡೆ ಕೈ ಆಡಿಸಬಲ್ಲವು. ಒಂದು, ಮಾಸು ಬೇರೂರುವ ಹಂತದಲ್ಲೇ. ಇನ್ನೊಂದು, ಆಮೇಲೆ ನೇರವಾಗಿ ರಕ್ತನಾಳದ ಒಳಪದರ, ಕಿಡ್ನಿ, ಹಾರ್ಮೋನುಗಳ ಮೇಲೆ. ಮೊದಲನೆಯದರಲ್ಲಿ ಸಮಯದ ಒಂದು ತೊಡಕಿದೆ. ನಾಳ ಅಗಲ ಆಗುವ ಕೆಲಸ ಶುರುವಾಗುವಾಗ ಎಷ್ಟೋ ಹೆಂಗಸರಿಗೆ ಬಸಿರು ನಿಂತಿರುವುದೇ ಗೊತ್ತಿರುವುದಿಲ್ಲ. ಗೊತ್ತಾದರೂ ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಆಶಾ ಕಾರ್ಯಕರ್ತೆ ಬಂದು ತಾಯಿ ಕಾರ್ಡ್ ಬರೆಸುವ ಹೊತ್ತಿಗೆ ಮಾಸಿನ ಅರ್ಧ ಕೆಲಸ ಮುಗಿದಿರುತ್ತದೆ. ‘ಬಸುರಿ ಆದ ಮೇಲೆ ತೋಟದ ಔಷಧಿ (ಕೀಟನಾಶಕ) ಹತ್ತಿರ ಹೋಗಬೇಡ’ ಅನ್ನುವ ಬುದ್ಧಿವಾದ ಒಳ್ಳೆಯದೇ, ಆದರೆ ತಡವಾದದ್ದು.

ಸೀಸ: ಹಳೆಯ ಕಳ್ಳ

ಎಲ್ಲಕ್ಕಿಂತ ಗಟ್ಟಿ ಪುರಾವೆ ಇರುವುದು ಸೀಸದ ಮೇಲೆ. ಸೀಸ ಬಿಪಿ ಏರಿಸುತ್ತದೆ ಅನ್ನುವುದು ಬಸುರಿಯರಲ್ಲದವರಲ್ಲೂ ಹಳೆಯ ಸಂಗತಿ. ರಕ್ತದಲ್ಲಿ ಸೀಸ ಜಾಸ್ತಿ ಇರುವ ಬಸುರಿಯರಲ್ಲಿ ಪ್ರಿಎಕ್ಲಾಂಪ್ಸಿಯಾ ಜಾಸ್ತಿ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗಲೂ ಕಂಡಿದೆ. ಇಷ್ಟರ ತನಕ ಪರವಾಗಿಲ್ಲ ಅನ್ನುವಂಥ ಮಟ್ಟ ಸೀಸಕ್ಕೆ ಇಲ್ಲ.

ಸೀಸದ ಚಾಲಾಕಿತನ ಏನೆಂದರೆ ಅದು ದೇಹದಲ್ಲಿ ಕ್ಯಾಲ್ಸಿಯಂ ವೇಷ ಹಾಕುತ್ತದೆ. ಚಿಕ್ಕಂದಿನಲ್ಲಿ ಒಳಗೆ ಹೋದದ್ದು ಮೂಳೆಯಲ್ಲಿ ಕೂತು ದಶಕಗಟ್ಟಲೆ ಸುಮ್ನೆ ಇರುತ್ತದೆ. ಬಸಿರಿನಲ್ಲಿ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಾಲದಿದ್ದರೆ ದೇಹ ತಾಯಿಯ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಆಗ ಕ್ಯಾಲ್ಸಿಯಂ ಜೊತೆಗೆ ಹಳೆಯ ಸೀಸವೂ ರಕ್ತಕ್ಕೆ ಬರುತ್ತದೆ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಪೇಂಟಿನಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಬಂದದ್ದು 2017ರ ನವೆಂಬರಿನಲ್ಲಿ. ಅಂದರೆ ಈಗ ಹೆರುವ ವಯಸ್ಸಿನಲ್ಲಿ ಇರುವವರು ಬೆಳೆದದ್ದೇ ಸೀಸದ ಪೇಂಟು ಬಳಿದ ಬಾಗಿಲು ಕಿಟಕಿಗಳ ನಡುವೆ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆ ಕೊಟ್ಟ ವರದಿಯ ಅಂದಾಜಿನಲ್ಲಿ ಭಾರತದ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮಟ್ಟಕ್ಕಿಂತ ಜಾಸ್ತಿ ಇತ್ತು. ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಈಗಾಗಲೇ ತಾಯಂದಿರು.

ಹೊಸದಾಗಿ ಎಲ್ಲಿಂದ ಬರುತ್ತದೆ? ಇದಕ್ಕೆ ಬಾಂಗ್ಲಾದೇಶದ ಕಥೆ ಕೇಳಬೇಕು. ಅಲ್ಲಿನ ಹಳ್ಳಿಗಳ ಬಸುರಿಯರ ರಕ್ತದಲ್ಲಿ ಸೀಸ ಜಾಸ್ತಿ ಇತ್ತು. ಸುತ್ತ ಕಾರ್ಖಾನೆ ಇಲ್ಲ, ಟ್ರಾಫಿಕ್ ಇಲ್ಲ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು ಮತ್ತು ಅಲ್ಲಿನ ಸಂಶೋಧಕರು ಮಣ್ಣು, ಅಕ್ಕಿ, ಪಾತ್ರೆ ಎಲ್ಲ ಜಾಲಾಡಿ ಕೊನೆಗೆ ಬಂದು ನಿಂತದ್ದು ಅರಿಶಿನದ ಡಬ್ಬಿ ಮುಂದೆ. ಮಾಸಲು ಕೊಂಬಿಗೆ ಹೊಳಪು ಬರಲಿ ಅಂತ ಪಾಲಿಶ್ ಮಾಡುವವರು ಸೀಸದ ಕ್ರೋಮೇಟ್ ಅನ್ನುವ ಹಳದಿ ಬಣ್ಣ ಬಳಿಯುತ್ತಿದ್ದರು. ರಕ್ತದ ಸೀಸಕ್ಕೂ ಆ ಬಣ್ಣದ ಸೀಸಕ್ಕೂ ಐಸೋಟೋಪ್ (ಸೀಸ ಎಲ್ಲಿಂದ ಬಂತೆಂದು ತೋರಿಸುವ ಗುರುತು) ತಾಳೆ ಆಯಿತು. 2019ರಲ್ಲಿ ಸುದ್ದಿ ಹೊರಗೆ ಬಂತು. ಸರ್ಕಾರ ಮಾರ್ಕೆಟ್ ಮೇಲೆ ದಾಳಿ ಮಾಡಿತು, ದಂಡ ಹಾಕಿತು, ಟಿವಿಯಲ್ಲಿ ಹೇಳಿಸಿತು. 2019ರಲ್ಲಿ ಮಾರ್ಕೆಟ್‌ನ ಸ್ಯಾಂಪಲ್‌ಗಳಲ್ಲಿ ಶೇ 47ರಲ್ಲಿ ಸೀಸ ಇತ್ತು. 2021ಕ್ಕೆ ಸೊನ್ನೆ. ಯಾವ ಬಸುರಿಗೂ ‘ಅರಿಶಿನ ತಿನ್ನಬೇಡ’ ಅಂತ ಹೇಳಬೇಕಾಗಲಿಲ್ಲ ಅನ್ನುವುದೇ ಇದರಲ್ಲಿ ನನಗೆ ತುಂಬ ಹಿಡಿಸಿದ ಭಾಗ. ಅದೇ ಸಂಶೋಧಕರು ಆಮೇಲೆ ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳಲ್ಲಿ ನೋಡಿದಾಗ ಪಾಟ್ನಾದ ಕೆಲವು ಸ್ಯಾಂಪಲ್‌ಗಳಲ್ಲಿ ಕಾನೂನಿನ ಮಿತಿಗಿಂತ ನೂರು ಪಟ್ಟಿಗೂ ಮೀರಿ ಸೀಸ ಸಿಕ್ಕಿತು.

ನಮ್ಮ ಕಡೆ ಅರಿಶಿನ ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸುವವರು ಇನ್ನೂ ಇದ್ದಾರೆ. ಒಳ್ಳೆಯದು. ಕೊಂಬೇ ಕಣ್ಣು ಕುಕ್ಕುವಷ್ಟು ಹಳದಿ ಇದ್ದು, ತೊಳೆದಾಗ ಬಣ್ಣ ಬಿಟ್ಟರೆ ಅದನ್ನು ನಂಬಬೇಡಿ. ಲೂಸ್ ಪುಡಿಗಿಂತ ಹೆಸರು, ಲೈಸೆನ್ಸ್ ನಂಬರ್ ಇರುವ ಪ್ಯಾಕೆಟ್ ವಾಸಿ. ಇನ್ನು ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ತವರಕ್ಕೆ ಸೀಸ ಬೆರೆತಿದ್ದರೆ ಹುಳಿ ಸಾರಿನ ಜೊತೆ ಅದೂ ಹೊಟ್ಟೆಗೆ ಹೋಗುತ್ತದೆ. ‘ನಾಟಿ ಔಷಧಿ’, ಲೇಬಲ್ ಇಲ್ಲದ ಭಸ್ಮಗಳ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ: ಬಸಿರಿನಲ್ಲಿ ಬೇಡವೇ ಬೇಡ. 2011–12ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಆರು ಬಸುರಿಯರ ರಕ್ತದಲ್ಲಿ ಸೀಸ ವಿಪರೀತ ಸಿಕ್ಕಿತು. ಕಾರಣ ಭಾರತದಿಂದ ಬಂದ ಇಂಥ ಮಾತ್ರೆಗಳು.

ಈಗ ಒಂದು ಸಂಗತಿ. ಇದನ್ನು ಯಾರೂ ಇಷ್ಟು ಬಿಡಿಸಿ ಹೇಳುವುದಿಲ್ಲ. ದೇಹದಲ್ಲಿ ಕಬ್ಬಿಣದ ಅಂಶ ಕಮ್ಮಿ ಇದ್ದರೆ ಕರುಳು ಕಬ್ಬಿಣಕ್ಕಾಗಿ ಬಾಗಿಲು ದೊಡ್ಡದಾಗಿ ತೆರೆದಿಡುತ್ತದೆ. ಆ ಬಾಗಿಲಿನಿಂದಲೇ ಸೀಸ, ಕ್ಯಾಡ್ಮಿಯಂ ಕೂಡ ನುಗ್ಗುತ್ತವೆ. ಕ್ಯಾಡ್ಮಿಯಂ ಬೀಡಿ ಹೊಗೆಯಲ್ಲಿ ಇದೆ, ರಂಜಕದ ಗೊಬ್ಬರದಲ್ಲಿ ಇದೆ, ಅದರ ಮೂಲಕ ಮಣ್ಣಿಗೆ, ಅಕ್ಕಿಗೆ, ಸೊಪ್ಪಿಗೆ ಬರುತ್ತದೆ. ಬಂದದ್ದು ಮಾಸಿನಲ್ಲಿ ಕೂರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019–21) ದೇಶದ ಬಸುರಿಯರಲ್ಲಿ ಶೇ 52ರಷ್ಟು ಜನರಿಗೆ ರಕ್ತಹೀನತೆ ಇತ್ತು. ಅಂದರೆ ಒಂದೇ ಊಟ ಉಂಡ ಇಬ್ಬರಲ್ಲಿ ರಕ್ತ ಕಮ್ಮಿ ಇರುವವಳಿಗೆ ವಿಷ ಜಾಸ್ತಿ ಸೇರುತ್ತದೆ.

ಹಾಗಾಗಿ ಪಿಎಚ್‌ಸಿಯಲ್ಲಿ ಪುಕ್ಕಟೆ ಕೊಡುವ, ಮನೆಯಲ್ಲಿ ಫ್ರಿಜ್ ಮೇಲೆ ಧೂಳು ಹಿಡಿಯುವ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳಿಗೆ ಇನ್ನೊಂದು ಕೆಲಸವೂ ಇದೆ. ಸರ್ಕಾರದ ನಿಯಮದ ಪ್ರಕಾರ ಕ್ಯಾಲ್ಸಿಯಂ 500 ಮಿ.ಗ್ರಾಂ ದಿನಕ್ಕೆ ಎರಡು, 14ನೇ ವಾರದಿಂದ. ಕ್ಯಾಲ್ಸಿಯಂ ಕಮ್ಮಿ ತಿನ್ನುವವರಲ್ಲಿ ಇದು ಪ್ರಿಎಕ್ಲಾಂಪ್ಸಿಯಾವನ್ನೇ ಕಮ್ಮಿ ಮಾಡುತ್ತದೆ ಅಂತ ಬೇರೆ ಕೆಲವು ಅಧ್ಯಯನಗಳೂ ಹೇಳಿವೆ. ಮೆಕ್ಸಿಕೊದ ಪ್ರಯೋಗ ಒಂದರಲ್ಲಿ ಕ್ಯಾಲ್ಸಿಯಂ ತೆಗೆದುಕೊಂಡ ಬಸುರಿಯರ ರಕ್ತದಲ್ಲಿ ಸೀಸವೂ ಇಳಿಯಿತು. ಎರಡು ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ. ಕಬ್ಬಿಣದ ಮಾತ್ರೆ ಮೇಲೆ ಕಾಫಿ ಕುಡಿಯುವುದಂತೂ ಮಲೆನಾಡಿನ ದೊಡ್ಡ ಶತ್ರು. ಒಂದೆರಡು ಗಂಟೆ ಬಿಡಿ. ರಾಗಿ ಮುದ್ದೆ ಉಣ್ಣುವ ಹಾಸನದ ಬಯಲು ಕಡೆಯವರಿಗೆ ಇಲ್ಲಿ ಸ್ವಲ್ಪ ಅನುಕೂಲ. 100 ಗ್ರಾಂ ರಾಗಿಯಲ್ಲಿ 350 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಹಸಿರು ತ್ರಿಕೋನದ ಡಬ್ಬಿ

ಕೀಟನಾಶಕದ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಇದೇ.

ಅರೇಬಿಕಾ ತೋಟದಲ್ಲಿ ಬಿಳಿ ಕಾಂಡಕೊರಕಕ್ಕೆ ಕಾಂಡಕ್ಕೆ ಕ್ಲೋರ್‌ಪೈರಿಫಾಸ್ ಸವರುತ್ತಾರೆ. ಆಲೂಗಡ್ಡೆಗೆ ಅಂಗಮಾರಿ ಬಂತೆಂದರೆ ಮ್ಯಾಂಕೊಜೆಬ್, ಮಳೆ ಹಿಡಿದರೆ ವಾರಕ್ಕೊಮ್ಮೆ. ಶುಂಠಿಗಂತೂ ಬಿತ್ತನೆ ಗಡ್ಡೆ ಅದ್ದುವುದರಿಂದ ಹಿಡಿದು ಕೀಳುವ ತನಕ ಏನಾದರೂ ಒಂದು ಸುರಿಯುತ್ತಲೇ ಇರಬೇಕು. ಕಳೆಗೆ ಗ್ಲೈಫೊಸೇಟ್. ಎಂಡೋಸಲ್ಫಾನ್ 2011ರಲ್ಲಿ ಹೋಯಿತು, ಥಿಮೆಟ್ ಅಂತ ಕರೆಯುವ ಫೋರೇಟ್ 2020ರ ಕೊನೆಗೆ ನಿಷೇಧ ಆಯಿತು. ಕ್ಲೋರ್‌ಪೈರಿಫಾಸ್ ಅನ್ನು 2025ರಲ್ಲಿ ಅಪಾಯಕಾರಿ ರಾಸಾಯನಿಕ ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ, ಕೆಲವು ವಿನಾಯಿತಿಗಳೊಂದಿಗೆ, ಸೇರಿಸಿದರು.

ಔಷಧಿ ಹೊಡೆಯುವುದು ಗಂಡಸರ ಕೆಲಸ, ಹೆಂಗಸರಿಗೇನು ಅಂತ ಕೇಳುವವರು ಒಂದು ಸಲ ಹೊಲದ ಬದುವಿನಲ್ಲಿ ನಿಂತು ನೋಡಬೇಕು. ಇನ್ನೂರು ಲೀಟರಿನ ಡ್ರಮ್. ಹಳ್ಳದಿಂದ ಕೊಡದಲ್ಲಿ ನೀರು ತಂದು ಅದಕ್ಕೆ ಸುರಿಯುವವಳು ಹೆಂಗಸು. ಬಾಟಲಿಯ ಮುಚ್ಚಳದಲ್ಲೇ ಅಳತೆ, ಕೋಲಿನಲ್ಲಿ ತಿರುವುವುದು, ಅದೂ ಅವಳೇ. ಪವರ್ ಸ್ಪ್ರೇಯರ್ ಇದ್ದರೆ ಗಂಡಸು ಮುಂದೆ ಗನ್ ಹಿಡಿದು ಹೋಗುತ್ತಾನೆ, ಹಿಂದೆ ಒದ್ದೆ ಪೈಪು ಎಳೆಯಲು ಇಬ್ಬರು ಹೆಂಗಸರು. ಪೈಪು ಗಿಡಕ್ಕೆ ಸಿಕ್ಕಿಕೊಂಡರೆ ಬರಿಗೈಯಲ್ಲಿ ಬಿಡಿಸಬೇಕು. ಮಾರನೇ ದಿನ ಅದೇ ಸಾಲಿನಲ್ಲಿ ಕಳೆ ಕೀಳುವವರೂ ಅವರೇ. ಸಂಜೆ ಗಂಡನ ಶರ್ಟು, ಲುಂಗಿ ಒಗೆಯುವುದು ಯಾರು ಅಂತ ಕೇಳಬೇಕಾ? ಲೈನ್ ಮನೆಯಲ್ಲಿ ಒಂದೇ ಕೋಣೆ. ಆ ಶರ್ಟು ನೇತಾಡುವ ಮೊಳೆ, ಅಕ್ಕಿ ಚೀಲ, ಮಗುವಿನ ತೊಟ್ಟಿಲು ಎಲ್ಲ ನಾಲ್ಕು ಮಾರಿನೊಳಗೆ.

ಪುರಾವೆ ಏನಿದೆ? ಅಮೆರಿಕದ ಅಯೋವಾ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ ಕೃಷಿಕರ ಕುಟುಂಬಗಳ ದೊಡ್ಡ ಅಧ್ಯಯನ ನಡೆದಿದೆ. ಅದರಲ್ಲಿ 11 ಸಾವಿರಕ್ಕೂ ಜಾಸ್ತಿ ಹೆಂಗಸರನ್ನು ಬಸಿರಿನ ಬಿಪಿ ಬಗ್ಗೆ ಕೇಳಿದ್ದರು. ಮೊದಲ ಮೂರು ತಿಂಗಳಲ್ಲಿ ಔಷಧಿ ಕಲಸುವ, ಹೊಡೆಯುವಂಥ ಕೆಲಸಗಳಿಗೆ ಹತ್ತಿರ ಇದ್ದವರಲ್ಲಿ ಬಿಪಿ, ಪ್ರಿಎಕ್ಲಾಂಪ್ಸಿಯಾ ಎರಡೂ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಜಾಸ್ತಿ ಕಂಡವು. 2009ರಲ್ಲಿ ಪ್ರಕಟವಾಯಿತು. ಇದರ ದೌರ್ಬಲ್ಯವನ್ನೂ ಹೇಳಬೇಕು: ಎಲ್ಲ ನೆನಪಿನ ಮೇಲೆ ಹೇಳಿದ್ದು, ರಕ್ತ ಪರೀಕ್ಷೆ ಇಲ್ಲ. ಆದರೆ ‘ಮೊದಲ ಮೂರು ತಿಂಗಳು’ ಅನ್ನುವ ಭಾಗ ಮಾಸಿನ ಕಥೆಗೆ ಸರಿಯಾಗಿ ಕೂರುತ್ತದೆ. ನಮ್ಮ ಹೆಂಗಸರು ಅಯೋವಾದವರ ಹಾಗೆ ಟ್ರ್ಯಾಕ್ಟರ್ ಕ್ಯಾಬಿನ್ ಪಕ್ಕ ಇರುವವರಲ್ಲ, ಪೈಪು ಹಿಡಿಯುವವರು.

ಇನ್ನು ಡಬ್ಬಿಯ ಮೇಲಿನ ತ್ರಿಕೋನ. ಕೆಂಪು, ಹಳದಿ, ನೀಲಿ, ಹಸಿರು. ಕೆಂಪಾದರೆ ಅತಿ ವಿಷ, ಹಸಿರಾದರೆ ಅಲ್ಪ ವಿಷ. ಹಸಿರು ಅಂದರೆ ಸೇಫ್ ಅಂತ ಅಂಗಡಿಯವರೂ ಹೇಳುತ್ತಾರೆ, ರೈತರೂ ನಂಬುತ್ತಾರೆ. ಆ ಬಣ್ಣ ಹೇಳುವುದು ಒಂದೇ ಸಲ ಎಷ್ಟು ಹೊಟ್ಟೆಗೆ ಹೋದರೆ, ಚರ್ಮಕ್ಕೆ ತಾಗಿದರೆ ಪ್ರಾಣ ಹೋಗುತ್ತದೆ ಅನ್ನುವುದನ್ನು ಮಾತ್ರ. ಸ್ವಲ್ಪ ಸ್ವಲ್ಪವಾಗಿ ತಿಂಗಳುಗಟ್ಟಲೆ ಮೈಗೆ ಸೇರಿದರೆ ಏನಾಗುತ್ತದೆ ಅನ್ನುವುದು ಅದರಲ್ಲಿ ಇಲ್ಲ. ಮ್ಯಾಂಕೊಜೆಬ್ ಹಸಿರು ಡಬ್ಬಿಯದೇ. ಅದು ಒಡೆದು ಆಗುವ ಇಟಿಯು ಅನ್ನುವ ವಸ್ತು ಥೈರಾಯ್ಡ್ ಕೆಲಸ ಕೆಡಿಸುತ್ತದೆ. ಹಾರ್ಮೋನು ಕೆಡಿಸುವ ಗುಣ ಇದೆ ಅಂತ ಯುರೋಪಿಯನ್ ಒಕ್ಕೂಟ 2020ರಲ್ಲಿ ಇದರ ಪರವಾನಗಿ ಮುಂದುವರಿಸಲಿಲ್ಲ. ಬಸಿರಿನಲ್ಲಿ ಥೈರಾಯ್ಡ್ ಕಮ್ಮಿಯಾದರೆ ಬಿಪಿ ಅಪಾಯ ಹೆಚ್ಚುತ್ತದೆ. ಮ್ಯಾಂಕೊಜೆಬ್‌ನಿಂದ ನೇರವಾಗಿ ಬಸಿರಿನ ಬಿಪಿ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಹಸಿರು ಬಣ್ಣ ನೋಡಿ ಬಸುರಿ ಕೈಯಲ್ಲಿ ಕಲಸಲು ಕೊಡುವುದು ತಪ್ಪು ಅಂತ ಮಾತ್ರ.

ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಬಗ್ಗೆ ಕೇಳಿದರೆ, ಮೈಲುತುತ್ತಕ್ಕೂ ಬಸಿರಿನ ಬಿಪಿಗೂ ಅಂಥ ಗಟ್ಟಿ ನಂಟು ಇಲ್ಲ. ಕಣ್ಣು, ಚರ್ಮ ಕಾಪಾಡಿಕೊಂಡರೆ ಸಾಕು.

ಹೊಗೆಯ ಕಥೆ ಸರಳ ಇಲ್ಲ

ಗ್ಯಾಸ್ ಬಂದ ಮೇಲೆ ಹೊಗೆ ಹೋಯಿತು ಅಂತ ಅಂದುಕೊಂಡಿದ್ದೇವೆ. ಮಲೆನಾಡಿನ ಮನೆಗೆ ಬನ್ನಿ. ಅಡುಗೆ ಗ್ಯಾಸಿನ ಮೇಲೆ, ಸ್ನಾನದ ನೀರು ಹಂಡೆಯಲ್ಲಿ. ಮಳೆಗಾಲದ ಹಸಿ ಸೌದೆ ಹತ್ತುವುದಿಲ್ಲ. ಆಗ ಒಲೆಗೆ ತುರುಕುವುದು ಹಾಲಿನ ಕವರ್, ಎಣ್ಣೆ ಪ್ಯಾಕೆಟ್, ಕೆಲವು ಕಡೆ ಖಾಲಿ ಔಷಧಿ ಬಾಟಲಿ. ಆ ಬಚ್ಚಲೊಲೆಯ ಮುಂದೆ ಬಗ್ಗಿ ಊದುವವಳು ಆರು ತಿಂಗಳ ಬಸುರಿಯೂ ಆಗಿರಬಹುದು. ಪ್ಲಾಸ್ಟಿಕ್ ಸುಟ್ಟ ಹೊಗೆಗೆ ಹೋಲಿಸಿದರೆ ಸೌದೆ ಹೊಗೆಯೇ ಮೇಲು.

ಗಾಳಿಯಲ್ಲಿ ಸಣ್ಣ ಕಣ, ಅಂದರೆ ಪಿಎಂ 2.5, ಜಾಸ್ತಿ ಇರುವ ಕಡೆ ಬಸಿರಿನ ಬಿಪಿ ಜಾಸ್ತಿ ಅಂತ ಬಹಳ ಅಧ್ಯಯನಗಳು ಹೇಳುತ್ತವೆ. ಹಾಗಾದರೆ ಹೊಗೆ ತೆಗೆದರೆ ಬಿಪಿ ಇಳಿಯಬೇಕು ಅಲ್ವಾ? ಇದನ್ನು ನೇರವಾಗಿ ಪರೀಕ್ಷಿಸಿದವರಿದ್ದಾರೆ. ಹ್ಯಾಪಿನ್ ಅನ್ನುವ ಪ್ರಯೋಗದಲ್ಲಿ ತಮಿಳುನಾಡು, ಗ್ವಾಟೆಮಾಲಾ, ಪೆರು, ರುವಾಂಡಾಗಳ ಸುಮಾರು 3,200 ಬಸುರಿಯರನ್ನು ಸೇರಿಸಿಕೊಂಡರು. ಅರ್ಧ ಜನಕ್ಕೆ ಗ್ಯಾಸ್ ಒಲೆ, ಸಿಲಿಂಡರ್ ಎಲ್ಲ ಪುಕ್ಕಟೆ. ಉಳಿದವರು ಸೌದೆ ಒಲೆಯಲ್ಲೇ. ಗ್ಯಾಸ್ ಸಿಕ್ಕವರು ಉಸಿರಾಡುವ ಕಣ ಮೂರನೇ ಒಂದು ಭಾಗಕ್ಕೆ ಇಳಿಯಿತು. ಬಿಪಿ? ಇಳಿಯಲಿಲ್ಲ. ಗ್ಯಾಸ್ ಸಿಕ್ಕವರಲ್ಲೇ ಕೂದಲೆಳೆಯಷ್ಟು ಜಾಸ್ತಿ ಇತ್ತು, ಅದೂ ಒಂದು ಪಾಯಿಂಟಿನೊಳಗೆ. 2022ರಲ್ಲಿ ಈ ಫಲಿತಾಂಶ ಬಂದಾಗ ಈ ಕ್ಷೇತ್ರದವರಿಗೆ ಸಾಕಷ್ಟು ಇರಿಸುಮುರಿಸಾಯಿತು.

ಏನು ಅರ್ಥ? ಹೆಂಗಸರನ್ನು ಸೇರಿಸಿಕೊಂಡದ್ದು 9ರಿಂದ 20 ವಾರದ ನಡುವೆ. ಮಾಸು ಬೇರೂರುವ ಹೊತ್ತು ಆಗಲೇ ಕಳೆಯುತ್ತಾ ಬಂದಿತ್ತು. ನನಗೆ ತೋಚುವ ಕಾರಣ ಇದು. ಇನ್ನೊಂದು ವಿಚಿತ್ರವೂ ಇದೆ. ಸಿಗರೇಟು ಸೇದುವ ಬಸುರಿಯರಲ್ಲಿ ಪ್ರಿಎಕ್ಲಾಂಪ್ಸಿಯಾ ಕಮ್ಮಿ ಅನ್ನುವುದು ದಶಕಗಳಿಂದ ಗೊತ್ತಿರುವ ಒಗಟು. ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಮಾಸು ಬಿಡುವ ಆ ಪ್ರೋಟೀನನ್ನು ತಗ್ಗಿಸುತ್ತದೆ ಅನ್ನುವ ವಿವರಣೆ ಇದೆ. ಅದರಿಂದ ಸೇದುವುದು ಒಳ್ಳೆಯದಾಗುವುದಿಲ್ಲ, ಆ ತಾಯಂದಿರ ಮಕ್ಕಳು ಸಣ್ಣಗೆ ಹುಟ್ಟುತ್ತವೆ, ಸಾಯುವುದೂ ಜಾಸ್ತಿ. ಹೊಗೆ ತೆಗೆಯಲು ಶ್ವಾಸಕೋಶ, ಕಣ್ಣು, ಮಗು ಅಂತ ಬೇರೆ ನೂರು ಕಾರಣ ಇವೆ. ಬಿಪಿ ಇಳಿಯುತ್ತದೆ ಅಂತ ಆಸೆ ತೋರಿಸಿ ಒಲೆ ಮಾರುವುದು ಬೇಡ ಅಷ್ಟೆ.

ಪ್ಲಾಸ್ಟಿಕ್, ಸೋಪು, ನಾನ್‌ಸ್ಟಿಕ್

ಇದನ್ನು ಬೇಗ ಮುಗಿಸುತ್ತೇನೆ. ಪೋರ್ಟೊ ರಿಕೊದಲ್ಲಿ ಸಾವಿರಕ್ಕೂ ಜಾಸ್ತಿ ಬಸುರಿಯರ ಮೂತ್ರ ಪರೀಕ್ಷಿಸಿದವರು ಸೋಪು, ಕ್ರೀಮ್, ಪ್ಲಾಸ್ಟಿಕ್‌ಗಳಲ್ಲಿನ ಫೀನಾಲ್, ಪ್ಯಾರಾಬೆನ್‌ಗಳಿಗೂ ಬಿಪಿಗೂ ನಂಟು ಕಂಡಿದ್ದಾರೆ. ನಾನ್‌ಸ್ಟಿಕ್ ಲೇಪನ ಮಾಡಲು ಬಳಸುವ ಪಿಎಫ್‌ಎಎಸ್ ಅನ್ನುವ, ಬೇಗ ಒಡೆದು ಹೋಗದ ರಾಸಾಯನಿಕಗಳ ಮೇಲೆ ಪುರಾವೆ ಇನ್ನೂ ಸ್ವಲ್ಪ ಗಟ್ಟಿ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಡ್ಯೂಪಾಂಟ್ ಕಾರ್ಖಾನೆಯಿಂದ ಕುಡಿಯುವ ನೀರಿಗೆ ಇದು ಸೇರಿತು. ಸುಮಾರು 69 ಸಾವಿರ ಜನರನ್ನು ಪರೀಕ್ಷಿಸಿದ ವಿಜ್ಞಾನಿಗಳ ಸಮಿತಿ ನಂಟು ಇರುವ ಸಾಧ್ಯತೆ ಜಾಸ್ತಿ ಅಂತ ಆರು ಕಾಯಿಲೆ ಗುರುತಿಸಿತು. 2011ರ ಡಿಸೆಂಬರಿನಲ್ಲಿ ಅದು ಮೊದಲು ಹೆಸರಿಸಿದ್ದು ಬಸಿರಿನ ಬಿಪಿಯನ್ನೇ.

ಆದರೆ ಈ ಅಧ್ಯಯನಗಳಿಗೆ ಒಂದು ಬಲೆ ಇದೆ. ಪ್ರಿಎಕ್ಲಾಂಪ್ಸಿಯಾ ಶುರುವಾದ ಮೇಲೆ ಕಿಡ್ನಿ ಸರಿಯಾಗಿ ಸೋಸುವುದಿಲ್ಲ. ಆಗ ರಾಸಾಯನಿಕ ರಕ್ತದಲ್ಲೇ ಉಳಿದು ಜಾಸ್ತಿ ಕಾಣುತ್ತದೆ. ರಾಸಾಯನಿಕದಿಂದ ಕಾಯಿಲೆ ಬಂತೋ, ಕಾಯಿಲೆಯಿಂದ ರಾಸಾಯನಿಕ ಉಳಿಯಿತೋ? ಎಂಟನೇ ತಿಂಗಳಲ್ಲಿ ರಕ್ತ ತೆಗೆದರೆ ಬಿಡಿಸಲಾಗದು. ಮೊದಲ ತಿಂಗಳುಗಳಲ್ಲಿ ತೆಗೆದ ಅಧ್ಯಯನಗಳಿಗೆ ಜಾಸ್ತಿ ತೂಕ ಕೊಡಬೇಕು.

ಇನ್ನೊಂದು ಲೆಕ್ಕ. ‘ಶೇ 30 ಜಾಸ್ತಿ’ ಅಂತ ಹೆಡ್‌ಲೈನ್ ಬಂದರೆ ಎದೆ ಧಸಕ್ ಅನ್ನುತ್ತದೆ. ನೂರರಲ್ಲಿ 5 ಜನಕ್ಕೆ ಬರುವ ಕಾಯಿಲೆ ಶೇ 30 ಹೆಚ್ಚಾದರೆ ಆರೂವರೆ ಜನಕ್ಕೆ. ಒಬ್ಬಳ ಮಟ್ಟಿಗೆ ಸಣ್ಣ ವ್ಯತ್ಯಾಸ. ಹಿಂದಿನ ಬಸಿರಿನಲ್ಲಿ ಪ್ರಿಎಕ್ಲಾಂಪ್ಸಿಯಾ ಆಗಿದ್ದರೆ, ಮೊದಲೇ ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದರೆ, ಅವಳಿ ಮಕ್ಕಳಿದ್ದರೆ ಅಪಾಯ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಜಿಲ್ಲೆಯ ಮಟ್ಟಕ್ಕೆ ನೋಡಿದರೆ, 10 ಸಾವಿರ ಬಸುರಿಯರೂ ಅದೇ ಗಾಳಿ, ಅದೇ ನೀರು, ಅದೇ ಪೈಪು ಹಿಡಿದಿದ್ದರೆ ಆ ಒಂದೂವರೆ ಅನ್ನುವುದು 150 ಮನೆ. ಹೆಂಗಸಿಗೆ ಹೆದರಿಸಲು ಈ ಅಂಕಿ ಸಣ್ಣದು, ಸರ್ಕಾರವನ್ನು ಕೇಳಲು ದೊಡ್ಡದು.

ಯಾರು ಏನು ಮಾಡಬಹುದು

ಎಲ್ಲಕ್ಕಿಂತ ಮೊದಲು ತೋಳಿಗೆ ಪಟ್ಟಿ. ಕಾರಣ ಯಾವುದೇ ಇರಲಿ, ಬಿಪಿ ನೋಡಿದರೆ ಮಾತ್ರ ಸಿಗುತ್ತದೆ. ‘ಬಸುರಿಗೆ ಕಾಲು ಊದೋದು ಮಾಮೂಲಿ’ ಅನ್ನುವ ಅತ್ತೆಯ ಮಾತು ಅರ್ಧ ಸರಿ. ಮುಖ, ಕೈ ಒಮ್ಮೆಲೇ ಊದಿದರೆ, ಬಿಡದ ತಲೆನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಬಂದರೆ ಅದು ಮಾಮೂಲಿ ಅಲ್ಲ, ಅವತ್ತೇ ಆಸ್ಪತ್ರೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಪುಕ್ಕಟೆ ತಪಾಸಣೆ 2016ರಿಂದ ನಡೆಯುತ್ತಿದೆ. ಅಪಾಯ ಜಾಸ್ತಿ ಇರುವವರಿಗೆ 16ನೇ ವಾರದ ಮುಂಚೆ ಶುರು ಮಾಡುವ ಸಣ್ಣ ಡೋಸಿನ ಆಸ್ಪಿರಿನ್ ಕೆಲಸ ಮಾಡುತ್ತದೆ, ಡಾಕ್ಟರನ್ನು ಕೇಳಿಯೇ. ತೋಟಕ್ಕೆ ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕೂಲಿ ಹೆಂಗಸರು ಮಾತ್ರ ಈ ಬಲೆಯಿಂದ ಸುಲಭವಾಗಿ ತಪ್ಪಿಹೋಗುತ್ತಾರೆ. ಭಾಷೆ ಬರುವುದಿಲ್ಲ, 9ನೇ ತಾರೀಕು ಕೂಲಿ ಬಿಟ್ಟು ಹೋಗುವ ಹಾಗಿಲ್ಲ.

ತೋಟದವರಿಗೆ ಹೇಳಬೇಕಾದ್ದು ಇನ್ನೂ ಇದೆ. ಔಷಧಿ ಕಲಸುವುದು, ಪೈಪು ಎಳೆಯುವುದರಿಂದ ಹೆರುವ ವಯಸ್ಸಿನ ಎಲ್ಲ ಹೆಂಗಸರನ್ನೂ ಹೊರಗಿಡಿ. ‘ನೀನು ಬಸುರಿಯಾ’ ಅಂತ ಕೇಳುವ ಅಗತ್ಯವೇ ಇರಬಾರದು. ಬದಲಿಗೆ ಬೇರೆ ಕೆಲಸ ಅದೇ ಕೂಲಿಗೆ ಕೊಡಿ, ಕೂಲಿ ಕತ್ತರಿಸಿದರೆ ಯಾರೂ ಒಪ್ಪುವುದಿಲ್ಲ. ಹೊಡೆದವರು ಲೈನಿಗೆ ಹೋಗುವ ಮುಂಚೆ ತೊಳೆದುಕೊಳ್ಳಲು ಒಂದು ನಲ್ಲಿ, ಬಟ್ಟೆ ಅಲ್ಲೇ ಒಗೆಯಲು ಒಂದು ಕಲ್ಲು. ಇದಕ್ಕೆ ಎಷ್ಟು ಖರ್ಚು? ಕಾಂಡಕೊರಕಕ್ಕೆ ಕಾಂಡಕ್ಕೆ ಸುಣ್ಣ ಬಳಿಯುವ ದಾರಿಯನ್ನು ಕಾಫಿ ಮಂಡಳಿಯೇ ತೋರಿಸಿದೆ.

ಕಾನೂನು ಇಲ್ಲ ಅಂತಲ್ಲ. ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಲ್ಲೇ ಕೀಟನಾಶಕದ ಸುರಕ್ಷತೆ ಮಾಲೀಕರ ಹೊಣೆ ಅಂತ ಬಂತು. ಆದರೆ ಅದು ಮುಟ್ಟಿದ್ದು 5 ಹೆಕ್ಟೇರ್, 15 ಆಳು ದಾಟಿದ ತೋಟಗಳನ್ನು. ದೇಶದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಜಾಸ್ತಿ ಸಣ್ಣ ಬೆಳೆಗಾರರವು, ಹೆಚ್ಚಿನವು ಆ ಅಳತೆಯೊಳಗೆ ಬರುತ್ತಲೇ ಇರಲಿಲ್ಲ. ಗುತ್ತಿಗೆಗೆ ಹಿಡಿದ ಶುಂಠಿ ಗದ್ದೆಯಂತೂ ಪ್ಲಾಂಟೇಶನ್ನೇ ಅಲ್ಲ. ಔಷಧಿ ಅತಿ ಜಾಸ್ತಿ ಬೀಳುವ ಜಾಗವೇ ಆ ಕಾನೂನಿನ ಹೊರಗೆ ಉಳಿದಿತ್ತು.

ಇನ್ನು ಜಿಲ್ಲಾ ಆಡಳಿತಗಳಿಗೆ ಒಂದು ಸಣ್ಣ ಸಲಹೆ. ತಾಯಿ ಕಾರ್ಡ್ ಬರೆಸುವಾಗ ಹಿಮೋಗ್ಲೋಬಿನ್ ನೋಡಲು ಹೇಗೂ ರಕ್ತ ತೆಗೆಯುತ್ತಾರೆ. ಬೆರಳ ತುದಿಯ ರಕ್ತದಲ್ಲೇ ಸೀಸ ಅಳೆಯುವ ಕೈ ಯಂತ್ರಗಳು ಇವೆ. ಮೂಡಿಗೆರೆ, ಆಲೂರು, ಅರಸೀಕೆರೆ, ಕಡೂರು ಅಂತ ತೋಟದ ಕಡೆ ಎರಡು, ಬಯಲು ಕಡೆ ಎರಡು ತಾಲ್ಲೂಕು ಆರಿಸಿ, ಒಪ್ಪಿದ ಕೆಲವು ನೂರು ಬಸುರಿಯರಲ್ಲಿ ಸೀಸ ಅಳೆದು, ಜೊತೆಗೆ ಮೂರು ಪ್ರಶ್ನೆ ಕೇಳಲಿ: ಈ ಹಂಗಾಮಿನಲ್ಲಿ ಔಷಧಿ ಕಲಸಿದೆಯಾ, ಪೈಪು ಹಿಡಿದೆಯಾ, ಮನೆಯಲ್ಲಿ ಆ ಬಟ್ಟೆ ಒಗೆಯುವವರು ಯಾರು? ಹೆರಿಗೆ ಆಗುವ ತನಕ ಅವರ ಬಿಪಿ ಕಾರ್ಡಿನಲ್ಲಿ ದಾಖಲಾಗುತ್ತಲೇ ಇರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಒಂದು ವರ್ಷದ ಪಿಜಿ ವಿದ್ಯಾರ್ಥಿಯ ಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ ಅದು.